ಈರುಳ್ಳಿ ಎಲೆಯ ಭತ್ತ

ಬಿದಿರುಮಾನಿ ಊರಿನವರು ಗ್ರಾಮಸೇವಕ ದೇರಪ್ಪನಿಗೆ ‘ಪುಡಿ ದೇರಪ್ಪ’ ಎಂದು ಹೆಸರಿಟ್ಟಿದ್ದರು. ಅವನು ಬಂದಾಗಲೆಲ್ಲ ಸೈಕಲ್ಲಿನ ಹಿಂದೆ ಏನಾದರೊಂದು ಪುಡಿಯ ಚೀಲ ಕಟ್ಟಿರುತ್ತಿತ್ತು. ಒಮ್ಮೆ ಗೊಬ್ಬರದ್ದು, ಒಮ್ಮೆ ಹುಳಕ್ಕೆ ಹೊಡೆಯುವುದು, ಒಮ್ಮೆ ಇಲಿಗೆ ಇಡುವುದು. ಹೆಸರು ಕಿವಿಗೆ ಬಿದ್ದರೂ ಅವನಿಗೆ ಬೇಸರವಿರಲಿಲ್ಲ. ಕಾಡು ದಾಟಿ ಬರಬೇಕಾದ ಕರಿಕೆಯ ಹುಡುಗ, ಇಪ್ಪತ್ತಾರು ವರ್ಷ, ಸರಕಾರಿ ಕೆಲಸ. ಜನ ಕರೆದು ಮಾತಾಡಿಸುತ್ತಾರಲ್ಲ, ಅಷ್ಟು ಸಾಕಾಗಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದು ಏಳನೆಯ ಮಳೆಗಾಲ. ನಾಟಿ ಮುಗಿದಿತ್ತು, ಕಳೆ ಎದ್ದಿತ್ತು, ಕೀಳಲು ಆಳಿರಲಿಲ್ಲ. ಪ್ರತಿವರ್ಷ ಕಳೆಗೆ ಬರುತ್ತಿದ್ದ ಹೆಂಗಸರು ಆ ಸಲ ಸಿದ್ದಾಪುರದ ಕಡೆ ಎಸ್ಟೇಟಿಗೆ ಹೋಗಿ ಕೂಲಿಯವರ ಲೈನುಮನೆಗಳಲ್ಲೇ ಉಳಿದುಬಿಟ್ಟಿದ್ದರು. ಹೊನ್ನಮ್ಮ ಮೂರು ದಿನ ಒಬ್ಬಳೇ ಗದ್ದೆಗಿಳಿದು ಕಳೆ ಕಿತ್ತಳು. ನಾಲ್ಕನೆಯ ದಿನ ಮೊಣಕಾಲು ಊದಿಕೊಂಡು ಜಗಲಿಯಲ್ಲೇ ಕುಳಿತಳು. ಐವತ್ತು ದಾಟಿದ ಗಟ್ಟಿ ಹೆಂಗಸು ಆಕೆ. ಗಂಡ ಕುಟ್ಟಪ್ಪ ಮಡಿಕೇರಿ–ಭಾಗಮಂಡಲ ಬಸ್ಸಿನ ಡ್ರೈವರ್. ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಹಾಗಾಗಿ ಗದ್ದೆಯ ಯಜಮಾನಿಕೆ ಪೂರ್ತಿ ಹೊನ್ನಮ್ಮನದೇ.

ದೇರಪ್ಪ ಅಲ್ಲಿಗೆ ಬಂದದ್ದು ಆ ಹೊತ್ತಿಗೆ. ಚೀಲದಲ್ಲಿ ಬಿಳಿ ಪುಡಿ ಇತ್ತು.

“ಹೊನ್ನಮ್ಮಕ್ಕ, ಇದು ಕಳೆ ಸಾಯಿಸೋ ಔಷಧಿ. ಟು-ಫೋರ್-ಡಿ ಅಂತ. ನೀರಲ್ಲಿ ಕದಡಿ ಪಂಪಿನಲ್ಲಿ ಹೊಡೆದ್ರೆ ಸಾಕು. ಅಗಲ ಎಲೆಯ ಕಳೆ, ಜೇಕು ಎಲ್ಲ ಸಾಯ್ತದೆ. ಭತ್ತಕ್ಕೆ ಎಂತದೂ ಆಗೂದಿಲ್ಲೆ.”

“ಭತ್ತವ ಬಿಟ್ಟು ಕಳೆಯ ಮಾತ್ರ ಕೊಲ್ಲುಕೆ ಅದ್ಕೆ ಕಣ್ಣುಟ್ಟಾ?” ಎಂದಳು ಹೊನ್ನಮ್ಮ, ಪುಡಿಗೂ ಕಣ್ಣಿದೆಯೇ ಎನ್ನುವ ಹಾಗೆ.

“ಭತ್ತ ಹುಲ್ಲಿನ ಜಾತಿ ಅಕ್ಕ. ಹುಲ್ಲಿನ ಜಾತಿಗೆ ಇದ್ರ ವಿಷ ತಾಗೂದಿಲ್ಲ.”

“ಯಾಕೆ ತಾಗೂದಿಲ್ಲೆ?”

ದೇರಪ್ಪನಿಗೆ ಅದು ಗೊತ್ತಿರಲಿಲ್ಲ. ತರಬೇತಿಯಲ್ಲಿ ಅಷ್ಟೇ ಹೇಳಿದ್ದರು. “ತಾಗೂದಿಲ್ಲ ಅಕ್ಕ, ಸರಕಾರವೇ ಹೇಳಿಯುಟ್ಟು,” ಎಂದು ನಕ್ಕ. ಹೊನ್ನಮ್ಮ ನಗಲಿಲ್ಲ. ಅವಳ ಗದ್ದೆಯ ಭತ್ತ ಬೇರೆ ಯಾರಲ್ಲೂ ಇರದ ಕೆಂಪು ಭತ್ತ. ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಬೀಜ ಅದು. ಮಳೆಗೆ ಮಲಗದು, ಅನ್ನ ಮಾಡಿದರೆ ಮನೆಯೆಲ್ಲ ಪರಿಮಳ. ತವರಿನವರು ಈಗ ಗದ್ದೆ ಬಿಟ್ಟು ಕಾಫಿ ಹಾಕಿದ್ದರಿಂದ ಆ ಬೀಜ ಅಲ್ಲಿಯೂ ಉಳಿದಿರಲಿಲ್ಲ. ಆದರೂ ಮೊಣಕಾಲು ಮಾತು ಕೇಳುತ್ತಿರಲಿಲ್ಲ, ಕಳೆ ದಿನದಿನಕ್ಕೆ ಏರುತ್ತಿತ್ತು.

“ಸರಿ, ಹೊಡಿ. ಮೊದ್ಲು ಸ್ವಲ್ಪ ಹೊಡ್ದು ತೋರ್ಸು,” ಎಂದಳು.

ಆ ದಿನ ದೇರಪ್ಪನ ಬಳಿ ಹಳೆಯ ಹಿತ್ತಾಳೆಯ ಪಂಪು ಇತ್ತು. ಬೇರೆ ಊರಿನಲ್ಲಿ ಹೊಡೆದು ತಳದಲ್ಲಿ ಉಳಿದಿದ್ದ ಔಷಧಿಗೆ ಒಂದಷ್ಟು ನೀರು ಬೆರೆಸಿ, ಮೇಲಿನ ಬದುವಿನ ಪಕ್ಕದ ನಾಲ್ಕು ಸಾಲಿಗೆ ತೆಳ್ಳಗೆ ಹೊಡೆದು ತೋರಿಸಿದ. ಅಷ್ಟರಲ್ಲಿ ಪಂಪಿನ ವಾಷರ್ ಹರಿದು ಔಷಧಿ ಅವನ ಪಂಚೆಯ ಮೇಲೆಯೇ ಸುರಿಯಿತು. ಹೊನ್ನಮ್ಮ ಆಗ ನಕ್ಕಳು. ಮುಂದಿನ ವಾರ ಹೊಸ ಪಂಪು ತರುವೆನೆಂದು ಹೇಳಿ ದೇರಪ್ಪ ಸೈಕಲ್ ಹತ್ತಿದ.

ವಾರ ಕಳೆದು ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಹೊಸ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ಬಂದ. ಬ್ಲಾಕ್ ಕಚೇರಿಗೆ ಆಗಷ್ಟೇ ಬಂದಿದ್ದ, ಹಸಿರು ಬಣ್ಣ ಬಳಿದ ಪಂಪು. ಟ್ಯಾಂಕಿನ ಪಕ್ಕದಲ್ಲಿ ಒಂದರಿಂದ ಹದಿನಾರರವರೆಗೆ ಗೀಟು ಹಾಕಿ ಅಂಕಿ ಬರೆದಿತ್ತು. ಕೈಯಲ್ಲಿದ್ದ ಸುತ್ತೋಲೆಯಲ್ಲಿ ಗ್ಯಾಲನ್ನು ನೀರಿಗೆ ಒಂದು ಚಮಚ ಪುಡಿ ಎಂದಿತ್ತು. ದೇರಪ್ಪ ಹತ್ತರ ಗೀಟಿನ ತನಕ ನೀರು ತುಂಬಿಸಿ ಹತ್ತು ಚಮಚ ಪುಡಿ ಹಾಕಿದ. ಹೀಗೆ ಏಳು ಸಲ ತುಂಬಿಸಿ ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಯವರೆಗೆ, ಬದುವಿನ ಪಕ್ಕದ ಆ ನಾಲ್ಕು ಸಾಲನ್ನೂ ಬಿಡದೆ, ಚೆನ್ನಾಗಿ ನೆನೆಯುವಂತೆ ಹೊಡೆದ. ಕೊನೆಗೆ ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ ಕೆಳಗಿನ ಗದ್ದೆಗೆ ಇನ್ನೊಂದು ಸುತ್ತು ಹೊಡೆದ. ಹೊನ್ನಮ್ಮ ಕೊಟ್ಟ ಅಕ್ಕಿರೊಟ್ಟಿ, ಎಳೆ ಬಿದಿರಿನ ಕಣಿಲೆ ಪಲ್ಯ ತಿಂದು ಬೆಲ್ಲದ ಕಾಫಿ ಕುಡಿದು, ಒಂದು ಒಳ್ಳೆಯ ಕೆಲಸ ಮಾಡಿದ ಖುಷಿಯಲ್ಲಿ ಹೊರಟುಹೋದ.

ಆರನೆಯ ದಿನ ಚೇರಂಬಾಣೆಯಲ್ಲಿ ಕುಟ್ಟಪ್ಪ ಬಸ್ಸು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ಅವನನ್ನು ಕರೆದ. ಯಾವಾಗಲೂ ತಮಾಷೆ ಮಾಡುವ ಮನುಷ್ಯ ಆ ದಿನ ಮುಖ ಗಂಟಿಕ್ಕಿದ್ದ.

“ದೇರಪ್ಪ, ಒಮ್ಮೆ ಮನೆ ಕಡೆ ಹೋಗಿ ಬಾ. ಗದ್ದೆ ಸರಿ ಇಲ್ಲೆ.”

ದೇರಪ್ಪ ಹೋಗಿ ನೋಡಿದ. ಕಳೆಯೇನೋ ಸಾಯುತ್ತಿತ್ತು. ಅಗಲ ಎಲೆಯ ಗಿಡಗಳು ದಂಟು ತಿರುಚಿಕೊಂಡು, ಹಾವು ಹೆಣೆದ ಹಾಗೆ ಮುರುಟಿ ಮಲಗಿದ್ದವು. ಆದರೆ ಭತ್ತವೂ ಮಲಗಿತ್ತು. ಪೈರು ಬುಡದಿಂದ ಅಗಲವಾಗಿ ಬಿಚ್ಚಿಕೊಂಡು ನೀರಿನ ಮೇಲೆ ಬಿದ್ದಿತ್ತು. ಎಲೆ ಎಲೆಯ ಹಾಗಿರಲಿಲ್ಲ. ಅಂಚುಗಳು ಅಂಟಿಕೊಂಡು ಕೊಳವೆಯಾಗಿ, ಈರುಳ್ಳಿ ಎಲೆಯ ಹಾಗೆ ದುಂಡಗಾಗಿತ್ತು. ಬಗ್ಗಿಸಿದರೆ ಟಕ್ಕೆಂದು ಮುರಿಯುತ್ತಿತ್ತು. ಹೊಸ ಸುಳಿ ಎಲ್ಲೂ ಕಾಣಲಿಲ್ಲ.

ಬದುವಿನ ಮೇಲೆ ಹೊನ್ನಮ್ಮ ನಿಂತಿದ್ದಳು. ಪಕ್ಕದ ಗದ್ದೆಯ ಬೊಳ್ಳಪ್ಪನೂ ಇದ್ದ. ಬೊಳ್ಳಪ್ಪ ಊರಿನ ಹಿರಿಯ. ಬೇಸಾಯದಲ್ಲಿ ಅವನ ಮಾತಿಗೆ ಎದುರು ಮಾತಿರಲಿಲ್ಲ.

“ಇದು ಮುಗ್ದ ಕತೆ,” ಎಂದ ಬೊಳ್ಳಪ್ಪ. “ಹೊನ್ನಮ್ಮ, ನನ್ನ ಸಸಿಮಡಿಲಿ ಬೇಗ ಬರೋ ಭತ್ತದ ಸಸಿ ಉಳ್ದುಟ್ಟು. ಇನ್ನು ನಾಲ್ಕು ದಿನ ಕಳೆದ್ರೆ ಅದೂ ಬಲಿತು ನಾಟಿಗೆ ಬಾರ. ಇವತ್ತೇ ಇದ್ನ ಉತ್ತು ನೆಟ್ಟರೆ ಮನೆಗೆ ಊಟಕ್ಕಾದ್ರೂ ಆದೀತು.”

ಹೊನ್ನಮ್ಮ ದೇರಪ್ಪನ ಮುಖ ನೋಡಿದಳು. “ನೀ ಎಂತ ಹೇಳ್ತೀ?”

“ಎರಡು ದಿನ ಕೊಡಿ ಅಕ್ಕ. ಕೇಳಿ ಬರ್ತೇನೆ,” ಎಂದಷ್ಟೇ ಹೇಳಿದ.

ಹೊಸ ಪಂಪನ್ನು ಅಂದು ಅವರ ಕೊಟ್ಟಿಗೆಯಲ್ಲೇ ಬಿಟ್ಟುಹೋಗಿದ್ದ. ತೊಳೆದು ತೆಗೆದುಕೊಂಡು ಹೋಗೋಣವೆಂದು ಬಾವಿಕಟ್ಟೆಗೆ ಹೋದ. ಅಲ್ಲಿ ಸೀಮೆಎಣ್ಣೆ ಟಿನ್ನಿನಲ್ಲಿ ನೀರು ತುಂಬಿಸಿ ಇಟ್ಟಿದ್ದರು. ಆ ಟಿನ್ನನ್ನು ಎತ್ತಿ ಟ್ಯಾಂಕಿಗೆ ಸುರಿದ. ಟ್ಯಾಂಕು ಹದಿನಾರರ ಗೀಟು ದಾಟಿ, ಕಂಠದವರೆಗೆ ತುಂಬಿ ಉಕ್ಕಿ ಹರಿಯಿತು. ಟಿನ್ನಿನ ತಳದಲ್ಲಿ ಇನ್ನೂ ನೀರಿತ್ತು.

ದೇರಪ್ಪ ಟಿನ್ನನ್ನು ಹಿಡಿದುಕೊಂಡೇ ನಿಂತ. ಸೀಮೆಎಣ್ಣೆ ಟಿನ್ನೆಂದರೆ ನಾಲ್ಕು ಗ್ಯಾಲನ್, ಅದು ಕೊಡಗಿನ ಯಾವ ಮನೆಯಲ್ಲೂ ಗೊತ್ತಿರುವ ಲೆಕ್ಕ. ನಾಲ್ಕು ಗ್ಯಾಲನ್ನು ನಾಲ್ಕರ ಗೀಟಿಗೆ ನಿಲ್ಲಬೇಕಿತ್ತು. ಬಗ್ಗಿ ನೋಡಿದ. ಅಂಕಿಗಳ ತುದಿಯಲ್ಲಿ, ಬಣ್ಣದ ಅಡಿಯಲ್ಲಿ ಮುಚ್ಚಿಹೋದ ಸಣ್ಣ ಅಕ್ಷರ ಬೆರಳಿಗೆ ತಾಗಿತು. ಅದು ಲೀಟರಿನ ಗುರುತು. ಒಂದು ಗ್ಯಾಲನ್ನೆಂದರೆ ನಾಲ್ಕೂವರೆ ಲೀಟರು. ಹೊಸ ಅಳತೆ ಬಂದಿದೆ, ಹಳೆಯದು ಹೋಗುತ್ತದೆ ಎಂದು ಊರೂರಿಗೆ ಹೇಳಿಕೊಂಡು ತಿರುಗಿದವನೂ ಅವನೇ. ಹತ್ತು ಗ್ಯಾಲನ್ನಿಗೆ ಹಾಕಬೇಕಾದ ಪುಡಿಯನ್ನು ಹತ್ತು ಲೀಟರಿಗೆ ಹಾಕಿದ್ದ. ಭತ್ತಕ್ಕೆ ಬಿದ್ದದ್ದು ನಾಲ್ಕೂವರೆ ಪಟ್ಟು.

ಜಗಲಿಯಲ್ಲಿ ಹೊನ್ನಮ್ಮ ಕಾಫಿ ಇಟ್ಟು ಕರೆದಳು. ಹೇಳಿಬಿಡಬೇಕೆಂದು ಬಾಯಿ ತೆರೆದ. ಆದರೆ ಕಾಫಿ ಬೇಡವೆಂದು ತಲೆಯಾಡಿಸಿ, ಗದ್ದೆಯಿಂದ ಬೇರು ಸಮೇತ ಪೈರು ಕಿತ್ತು ಬಾಳೆಲೆಯಲ್ಲಿ ಸುತ್ತಿಕೊಂಡ. ನಡುವಿನಿಂದ ಒಂದಷ್ಟು, ಕೆಳಗಿನ ಗದ್ದೆಯಿಂದ ಒಂದಷ್ಟು, ದಾರಿಗೆ ಹತ್ತಿರವೆಂದು ಮೇಲಿನ ಬದುವಿನ ಪಕ್ಕದಿಂದ ಒಂದಷ್ಟು. ಮೂರನ್ನೂ ಬೇರೆ ಬೇರೆ ಕಟ್ಟಿಕೊಂಡು, ಮಡಿಕೇರಿಗೆ ಹೊರಟ ಕುಟ್ಟಪ್ಪನ ಬಸ್ಸನ್ನೇ ಹತ್ತಿದ. ಹಿಂದಿನ ಸೀಟಿನಲ್ಲಿ ದೇರಪ್ಪ ಬಾಳೆಲೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ.

ನಾಗೇಶ್ವರ ಮೇಷ್ಟ್ರು ಮಡಿಕೇರಿಯಲ್ಲಿ ಅವನಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಭಾಗಮಂಡಲದ ಅರ್ಚಕರ ಮನೆತನ. ಮಂತ್ರ ಬಿಟ್ಟು ಗಿಡಗಳ ಬೆನ್ನು ಹತ್ತಿದ ಹುಚ್ಚ ಎಂದು ಅವರ ಮನೆಯವರೇ ಹೇಳುತ್ತಿದ್ದರಂತೆ. ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ ದೊಡ್ಡ ದೊಡ್ಡವರ ಉಪನ್ಯಾಸ ಕೇಳಿ ಬರುವುದು ಅವರಿಗೆ ತೀರ್ಥಯಾತ್ರೆ.

“ಬಾರಯ್ಯ ದೇರಪ್ಪ. ಮುಖ ಯಾಕೆ ಹೀಗಿದೆ?” ಎಂದರು.

ದೇರಪ್ಪ ಗಂಟು ಬಿಚ್ಚಿ ನಡೆದದ್ದೆಲ್ಲ ಹೇಳಿದ. ಹೊನ್ನಮ್ಮನಿಗೆ ಹೇಳಲಾಗದ್ದೂ ಅಲ್ಲಿ ಸುಲಭವಾಗಿ ಬಾಯಿಗೆ ಬಂತು. ಮೇಷ್ಟ್ರು ಬೈಯಲಿಲ್ಲ. ಒಳಗಿನಿಂದ ಕ್ಷೌರದ ಬ್ಲೇಡು, ಭೂತಗನ್ನಡಿ ತಂದರು. ನಡುವಿನ ಗದ್ದೆಯ ಒಂದು ಪೈರನ್ನು ಹಲಗೆಯ ಮೇಲಿಟ್ಟು ಬುಡದಿಂದ ಮೇಲಕ್ಕೆ ಉದ್ದಕ್ಕೆ ಸೀಳಿದರು.

“ಇಲ್ಲಿ ನೋಡು.”

ಸೀಳಿದ ದಂಟಿನ ತೀರ ಕೆಳಗೆ, ಎಲೆಗಳ ಪದರದೊಳಗೆ, ಗೋಧಿ ಕಾಳಿನಷ್ಟೂ ಇಲ್ಲದ ಬಿಳಿಯ ಮೊನೆ ಇತ್ತು. ಬಿಳಿಯೆಂದರೆ ಹಾಲಿನಂಥ ಬಿಳಿ. ಮೇಷ್ಟ್ರು ಸೂಜಿಯಿಂದ ಮುಟ್ಟಿದರು. ಗಟ್ಟಿಯಾಗಿತ್ತು.

“ಸುಳಿ ಹುಟ್ಟುವ ಜಾಗ ಇದು. ಕೊಳೆತಿದ್ದರೆ ಕಂದಾಗಿ, ಮುಟ್ಟಿದರೆ ನೀರಾಗುತ್ತಿತ್ತು. ಇದಕ್ಕೆ ಜೀವ ಇದೆ.”

ಕೆಳಗಿನ ಗದ್ದೆಯದನ್ನು ಸೀಳಿದರು. ಅದು ಕಂದಾಗಿತ್ತು, ವಾಸನೆ ಬರುತ್ತಿತ್ತು. ಎರಡು ಸುತ್ತು ಹೊಡೆದ ಗದ್ದೆ. ಮೇಷ್ಟ್ರು ಮೂರನೆಯ ಕಟ್ಟನ್ನು ಬಿಚ್ಚಿ ಹುಬ್ಬೇರಿಸಿದರು.

“ಇದು ಯಾವ ಗದ್ದೆಯದು?”

“ಅದೇ ಗದ್ದೆದು ಸಾರ್. ಮೇಲಿನ ಬದುವಿನ ಪಕ್ಕದ್ದು.”

ದೇರಪ್ಪ ಆಗಲೇ ಸರಿಯಾಗಿ ನೋಡಿದ್ದು. ಆ ಪೈರಿನಲ್ಲಿ ಹೊರಗಿನ ಎಲೆ ಮಾತ್ರ ಕೊಳವೆಯಾಗಿತ್ತು. ನಡುವಿನಿಂದ ಚಪ್ಪಟೆಯಾದ, ಸರಿಯಾದ ಒಂದು ಎಲೆ ಅರ್ಧ ಬೆರಳಿನಷ್ಟು ಹೊರಬಂದಿತ್ತು.

“ಇದಕ್ಕೆ ಔಷಧಿ ಬಿದ್ದಿಲ್ಲವೋ?”

“ಬಿದ್ದಿದೆ ಸಾರ್. ಎರಡು ಸಲ ಬಿದ್ದಿದೆ. ಒಂದು ವಾರ ಮೊದಲು ತೋರಿಸ್ಲಿಕ್ಕೆ ಅಂತ ತೆಳ್ಳಗೆ ಹೊಡೆದಿದ್ದೆ. ಆಮೇಲೆ ಎಲ್ಲದರ ಜೊತೆ ಇದಕ್ಕೂ ಹೊಡೆದೆ.”

ಮೇಷ್ಟ್ರು ಕನ್ನಡಕ ತೆಗೆದು ಕೆಳಗಿಟ್ಟರು. ಒಳಗಿನಿಂದ ಅವರ ಹೆಂಡತಿ ಮನೋರಮಾ ತಂದಿಟ್ಟ ಕಾಫಿ ಆರುತ್ತಿತ್ತು.

“ನೋಡು ದೇರಪ್ಪ, ಈ ವಿಷ ಗಿಡವನ್ನು ಹೇಗೆ ಕೊಲ್ಲುತ್ತದೆ ಗೊತ್ತೋ? ಗಿಡ ಬೆಳೆಯೋದಕ್ಕೆ ತನ್ನೊಳಗೇ ಒಂದು ರಸ ಮಾಡಿಕೊಳ್ಳುತ್ತೆ. ಈ ಪುಡಿ ಆ ರಸದ ವೇಷ ಹಾಕಿಕೊಂಡು ಒಳಗೆ ಹೋಗುತ್ತೆ. ಅಗಲ ಎಲೆಯ ಗಿಡ ಮೋಸಹೋಗಿ, ಅಡ್ಡಾದಿಡ್ಡಿ ಬೆಳೆದು, ತಿರುಚಿಕೊಂಡು ಸಾಯುತ್ತೆ. ಹುಲ್ಲಿನ ಜಾತಿ ಅಷ್ಟು ಸುಲಭಕ್ಕೆ ಮೋಸಹೋಗಲ್ಲ. ಬಂದ ವಿಷವನ್ನು ಒಡೆದು, ಕಟ್ಟಿಹಾಕಿ, ಮೂಲೆಗೆ ತಳ್ಳುತ್ತೆ. ಇಷ್ಟು ತಿಳಿದಿರೋದು.”

“ನಾಲ್ಕೂವರೆ ಪಟ್ಟು ಬಂದ್ರೆ?”

“ಅಲ್ಲೇ ಇರೋದು ಸ್ವಾರಸ್ಯ. ಗಿಡದ ಒಂದೊಂದು ಜೀವಕೋಶದೊಳಗೂ ಜೀನುಗಳು ಅಂತ ಇರುತ್ತವೆ. ಏನೇನು ಮಾಡಬೇಕು ಅನ್ನೋ ಅಪ್ಪಣೆಯೆಲ್ಲ ಅದರಲ್ಲಿದೆ. ಆದರೆ ಎಲ್ಲ ಅಪ್ಪಣೆಯೂ ಎಲ್ಲ ಹೊತ್ತೂ ನಡೆಯಲ್ಲ. ಎಷ್ಟೋ ಜೀನುಗಳು ಸುಮ್ಮನೆ ಮಲಗಿರುತ್ತವೆ. ಹೋದ ಬೇಸಿಗೆ ಬೆಂಗಳೂರಲ್ಲಿ ಕೇಳಿದೆ. ಕಣ್ಣಿಗೆ ಕಾಣದ ಒಂದು ಕ್ರಿಮಿ. ಅದಕ್ಕೆ ಹಾಲಿನ ಸಕ್ಕರೆ ಕೊಟ್ಟರೆ ಮಾತ್ರ ಆ ಸಕ್ಕರೆ ಒಡೆಯೋ ಸರಕನ್ನು ತಯಾರು ಮಾಡುತ್ತಂತೆ. ಕೊಡದೇ ಇದ್ದರೆ ಇಲ್ಲ. ಸಕ್ಕರೆ ಬಂದು ಎಬ್ಬಿಸೋ ತನಕ ಆ ಜೀನು ನಿದ್ದೆಯಲ್ಲಿರುತ್ತೆ.”

“ಭತ್ತದಲ್ಲೂ ಹಾಗೆಯಾ ಸಾರ್?”

“ಭತ್ತದಲ್ಲಿ ಯಾರೂ ನೋಡಿಲ್ಲ, ನನಗೆ ತಿಳಿದ ಮಟ್ಟಿಗೆ. ಇದು ನನ್ನ ಊಹೆ. ಆನೆ ಬರುತ್ತೆ ಅಂತ ಗೊತ್ತಾದ ಊರಲ್ಲಿ ಜನ ಎದ್ದು, ಪಂಜು ಹೊತ್ತಿಸಿ, ತಮಟೆ ಹಿಡಿದು ನಿಂತಿರುತ್ತಾರೆ. ಗೊತ್ತಿಲ್ಲದ ಊರಲ್ಲಿ ಆನೆ ಗದ್ದೆಗೆ ಇಳಿದ ಮೇಲೆ ಏಳುತ್ತಾರೆ. ಎರಡೂ ಊರಿನವರು ಆನೆ ಓಡಿಸಿಯಾರು, ಆದರೆ ಎರಡನೇ ಊರಲ್ಲಿ ಅಷ್ಟರೊಳಗೆ ಒಂದಷ್ಟು ನಾಶ ಆಗಿರುತ್ತೆ. ನಿನ್ನ ಬದುವಿನ ಸಾಲಿಗೆ ಒಂದು ವಾರ ಮೊದಲೇ ಸುದ್ದಿ ಮುಟ್ಟಿತ್ತು. ವಿಷ ಒಡೆಯೋ ಜೀನುಗಳು ಎದ್ದು ಕೂತಿದ್ದವು. ನಡುವಿನ ಪೈರಿನಲ್ಲಿ ಈಗ ಏಳ್ತಾ ಇವೆ.” ಮೇಷ್ಟ್ರು ಮತ್ತೆ ಕನ್ನಡಕ ಹಾಕಿಕೊಂಡರು. “ಅಥವಾ ಬದುವಿನ ಪಕ್ಕ ಮಣ್ಣು ಎತ್ತರ, ನೀರು ಕಡಿಮೆ, ಅದಕ್ಕೇ ಹಾಗಾಗಿದ್ದರೂ ಆಗಿರಬಹುದು. ಕುಂಡದಲ್ಲಿ ಮಾಡಿ ನೋಡಬೇಕು.”

“ಈಗ ಉಳಬೇಕೋ, ಕಾಯಬೇಕೋ ಸಾರ್?”

“ಕೆಳಗಿನದ್ದು ಹೋಯಿತು, ಅದನ್ನು ಉತ್ತುಬಿಡಿ. ಉಳಿದದ್ದನ್ನು ಕಾಯಬಹುದು. ಇರೋ ನೀರು ಬಿಟ್ಟು ಹೊಸ ನೀರು ಹಾಯಿಸಿ. ಹತ್ತು ದಿನ ಬೇಕಾದೀತು. ನನಗೆ ಖಾತ್ರಿ ಇಲ್ಲ ಅನ್ನೋದನ್ನೂ ಅವರಿಗೆ ಹೇಳು.” ಬಾಗಿಲ ತನಕ ಬಂದು, ಚಪ್ಪಲಿ ಮೆಟ್ಟುತ್ತಿದ್ದವನ ಹೆಗಲ ಮೇಲೆ ಕೈಯಿಟ್ಟರು. “ಎಲ್ಲಕ್ಕಿಂತ ಮೊದಲು ಅಳತೆ ತಪ್ಪಿದ್ದನ್ನು ಹೇಳು. ಗದ್ದೆ ಅವರದು. ತೀರ್ಮಾನ ಮಾಡೋರಿಗೆ ಪೂರ್ತಿ ಗೊತ್ತಿರಬೇಕು.”

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ದೇರಪ್ಪ ಬಿದಿರುಮಾನಿಗೆ ಹೋದ. ಹೊನ್ನಮ್ಮ ಅಂಗಳದಲ್ಲಿ ಕೋಳಿಗೆ ನುಚ್ಚು ಹಾಕುತ್ತಿದ್ದಳು. ಕುಳಿತರೆ ಹೇಳಲಾಗದೆಂದು ನಿಂತೇ ಹೇಳಿದ.

“ಹೊನ್ನಮ್ಮಕ್ಕ, ಔಷಧಿದು ತಪ್ಪಲ್ಲ. ನಂದು. ಗ್ಯಾಲನ್ ಅಂತ ತಿಳಿದು ಲೀಟರಿಗೆ ಹಾಕಿದೆ. ನಾಲ್ಕೂವರೆ ಪಟ್ಟು ಹೆಚ್ಚಾಯ್ತು. ನಿನ್ನೆಯೇ ಗೊತ್ತಾಗಿತ್ತು, ಹೇಳುಕೆ ಧೈರ್ಯ ಬರಲಿಲ್ಲ.”

ಹೊನ್ನಮ್ಮನ ಕೈಯ ನುಚ್ಚು ಅಲ್ಲೇ ನಿಂತಿತು. ಕೋಳಿಗಳು ಕೊಕ್ ಕೊಕ್ ಎಂದು ಕಾಲಿನ ಸುತ್ತ ಸುಳಿದವು.

“ನಿನ್ನೆಯೇ ಹೇಳೊಕಿತ್ತು,” ಎಂದಳು ಕೊನೆಗೆ. “ನಾ ರಾತ್ರಿ ಪೂರ ನನ್ನನ್ನೇ ಬಯ್ಕಂಡು ಮಲಗಿದೆ. ಆ ಬೀಜವ ಸರಕಾರದ ಬಾಯಿಗೆ ಹಾಕಿದೆನಲ್ಲ ಅಂತ. ಮಡಿಕೇರಿಲಿ ಎಂತ ಹೇಳಿದ್ರು?”

ದೇರಪ್ಪ ಎಲ್ಲವನ್ನೂ ಹೇಳಿದ. ಮಲಗಿದ ಜೀನು, ಏಳುವ ಜೀನು, ಆನೆ, ಪಂಜು, ಮೇಷ್ಟ್ರಿಗೆ ಖಾತ್ರಿ ಇಲ್ಲದ್ದು, ಯಾವುದನ್ನೂ ಬಿಡಲಿಲ್ಲ. ಹೊನ್ನಮ್ಮ ಪೂರ್ತಿ ಕೇಳಿ, ಒಳಗೆ ಹೋಗಿ ಕುಟ್ಟಪ್ಪನ ಬ್ಲೇಡು ತಂದಳು.

“ನಡಿ. ನಂಗೆ ತೋರ್ಸು.”

ನೋವಿನ ಕಾಲಿನಲ್ಲೇ ಗದ್ದೆಗಿಳಿದಳು. ನಡುವಿನ ಮೂರು ಗದ್ದೆಯಲ್ಲಿ ಅಲ್ಲೊಂದು ಇಲ್ಲೊಂದರಂತೆ ಹನ್ನೆರಡು ಪೈರು ಕಿತ್ತು, ಬದುವಿನ ಕಲ್ಲಿನ ಮೇಲಿಟ್ಟು ತಾನೇ ಸೀಳಿದಳು. ಹನ್ನೊಂದರಲ್ಲಿ ಬಿಳಿ ಮೊನೆ ಗಟ್ಟಿಯಾಗಿತ್ತು. ಒಂದು ಮಾತ್ರ ಕಂದು. ಆ ಹೊತ್ತಿಗೆ ಬೊಳ್ಳಪ್ಪ ಹೆಗಲ ಮೇಲೆ ನೊಗ ಹೊತ್ತು, ಎತ್ತು ಹೊಡೆದುಕೊಂಡು ಬಂದ.

“ಎಂತ, ಭತ್ತಕ್ಕೆ ಆಪರೇಷನ್ನಾ?”

“ಬೊಳ್ಳಪ್ಪ ಬಾವ, ನಿಮ್ಮ ಸಸಿ ಕೆಳಗಿನ ಗದ್ದೆಗೆ ಮಾತ್ರ ಸಾಕು,” ಎಂದಳು ಹೊನ್ನಮ್ಮ. “ಅದ್ನ ಉತ್ತು ಬಿಡಿ. ಉಳ್ದದ್ದು ಇರ್ಲಿ.”

“ಸತ್ತ ಪೈರಿಗೆ ಕಾವಲು ಕೂರ್ತೀಯಾ? ನಾಲ್ಕು ದಿನ ಕಳೆದ್ರೆ ನನ್ನ ಸಸಿಯೂ ಇಲ್ಲೆ, ನೆನಪಿರ್ಲಿ.”

“ಸತ್ತಿಲ್ಲೆ. ಬಂದು ನೋಡಿ.”

ಬೊಳ್ಳಪ್ಪ ಬಗ್ಗಿ, ಸೀಳಿದ ಪೈರನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಉಗುರಿನಿಂದ ಒತ್ತಿದ. ಅರವತ್ತು ವರ್ಷ ಗದ್ದೆಯಲ್ಲಿ ಕಳೆದವನು ಅದನ್ನು ಮೊದಲ ಸಲ ಕಂಡಿದ್ದ. “ಹ್ಞೂಂ,” ಎಂದಷ್ಟೇ ಹೇಳಿ ಕೆಳಗಿನ ಗದ್ದೆಯತ್ತ ಎತ್ತು ತಿರುಗಿಸಿದ.

ದೇರಪ್ಪ ಪಂಚೆ ಎತ್ತಿ ಕಟ್ಟಿ ಅಂದೇ ನೀರು ಬಿಟ್ಟ. ತೋಡಿನಿಂದ ಹೊಸ ನೀರು ತಿರುಗಿಸಿದ. ಕೆಳಗಿನ ಗದ್ದೆಯ ನಾಟಿಗೆ ಬೊಳ್ಳಪ್ಪನ ಮನೆಯ ಹೆಂಗಸರ ಜೊತೆ ತಾನೂ ಬಗ್ಗಿದ. ಸಂಜೆ ಬ್ಲಾಕ್ ಕಚೇರಿಗೆ ಹೋಗಿ ಅಧಿಕಾರಿಯ ಮುಂದೆ ತಪ್ಪನ್ನು ಬರೆದುಕೊಟ್ಟ. ಕೆಲಸ ಹೋಗಬಹುದೆಂದೇ ತಿಳಿದಿದ್ದ. ಅಧಿಕಾರಿ ಕಾಗದ ಓದಿ, ಮತ್ತೊಮ್ಮೆ ಓದಿ, ಬಾಗಿಲ ಬಳಿ ಸಾಲಾಗಿ ಇಟ್ಟಿದ್ದ ಇನ್ನೂ ಐದು ಹಸಿರು ಪಂಪುಗಳ ಕಡೆ ನೋಡಿದರು. ನಾಳೆ ಅವು ಬೇರೆ ಊರುಗಳಿಗೆ ಹೋಗುವುದರಲ್ಲಿದ್ದವು.

“ಕೆಂಪು ಬಣ್ಣ ತಾ,” ಎಂದು ಜವಾನನಿಗೆ ಹೇಳಿ, ಐದರ ಮೇಲೂ ಅಂಗೈಯಗಲದ ಅಕ್ಷರದಲ್ಲಿ ‘ಲೀಟರ್’ ಎಂದು ಬರೆಸಿದರು. ದೇರಪ್ಪನಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟರು. ಅದನ್ನು ಮಡಚಿ ಜೇಬಿಗಿಟ್ಟುಕೊಂಡಾಗ, ನಿಜ ಹೇಳಿದ ಮೇಲೆ ಎದೆ ಎಷ್ಟು ಹಗುರಾಗುತ್ತದೆ ಎಂದು ಅವನಿಗೇ ಆಶ್ಚರ್ಯವಾಯಿತು. ಗದ್ದೆಯ ಚಿಂತೆ ಮಾತ್ರ ಹಾಗೇ ಇತ್ತು.

ಆಮೇಲಿನ ದಿನಗಳಲ್ಲಿ ಅವನು ಎಲ್ಲಿಗೆ ಹೊರಟರೂ ಸೈಕಲ್ಲು ಬಿದಿರುಮಾನಿಯ ದಾರಿಗೇ ತಿರುಗುತ್ತಿತ್ತು. ಎರಡನೆಯ ದಿನ ಏನಿಲ್ಲ. ನಾಲ್ಕನೆಯ ದಿನವೂ ಏನಿಲ್ಲ. ಬೊಳ್ಳಪ್ಪನ ಉಳಿದ ಸಸಿ ಅಂದಿಗೆ ಬಲಿತುಹೋಯಿತು. ಇನ್ನು ಹಿಂದೆ ಹೋಗುವ ದಾರಿ ಇರಲಿಲ್ಲ. ಬದುವಿನ ಪಕ್ಕದ ನಾಲ್ಕು ಸಾಲು ಹಸಿರಾಗಿ ಎದ್ದು ನಿಂತಿತ್ತು. ಅದನ್ನು ನೋಡಿದರೆ ಧೈರ್ಯ ಬರುತ್ತಿತ್ತು, ನಡುವಿನದನ್ನು ನೋಡಿದರೆ ಹೋಗುತ್ತಿತ್ತು. ಹೊನ್ನಮ್ಮ ಅವನನ್ನು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಂದಾಗೆಲ್ಲ ಕಾಫಿ ಕೊಡುತ್ತಿದ್ದಳು, ಅಷ್ಟೆ.

ಎಂಟನೆಯ ದಿನ ಬೆಳಿಗ್ಗೆ ಅವನು ಇನ್ನೂ ತೋಡಿನ ಮೇಲಿನ ಮರದ ಸಂಕ ದಾಟಿರಲಿಲ್ಲ, ಗದ್ದೆಯ ನಡುವಿನಿಂದ ಹೊನ್ನಮ್ಮ ಕೂಗಿದಳು.

“ದೇರಪ್ಪಾ! ಬೇಗ ಬಾ!”

ಸೈಕಲ್ಲನ್ನು ದಾರಿಯಲ್ಲೇ ಬಿಟ್ಟು ಓಡಿದ. ಚಪ್ಪಲಿ ಕೆಸರಿನಲ್ಲಿ ಸಿಕ್ಕಿ ಒಂದು ಅಲ್ಲೇ ಉಳಿಯಿತು. ಹೊನ್ನಮ್ಮ ಒಂದು ಪೈರನ್ನು ಎರಡು ಬೆರಳಿನಲ್ಲಿ ಹಿಡಿದು ನಿಂತಿದ್ದಳು. ಈರುಳ್ಳಿಯಂಥ ಹಳೆಯ ಎಲೆಯ ಪಕ್ಕವನ್ನು ಸೀಳಿಕೊಂಡು ಒಂದು ಎಳೆಯ ಎಲೆ ಹೊರಬಂದಿತ್ತು. ಸುಕ್ಕುಸುಕ್ಕಾಗಿ, ಹೊರಬರಲು ಕಷ್ಟಪಟ್ಟ ಗುರುತು ಹೊತ್ತು ಬಂದ ಎಲೆ. ಆದರೆ ಚಪ್ಪಟೆಯಾಗಿತ್ತು. ಭತ್ತದ ಎಲೆಯ ಹಾಗಿತ್ತು.

“ಇದೊಂದೇ ಅಲ್ಲ,” ಎಂದಳು. “ಅಲ್ನೋಡು. ಅಲ್ಲಿಯೂ ಉಟ್ಟು. ಆಚೆಯೂ ಉಟ್ಟು.”

ದೇರಪ್ಪ ನೋಡುತ್ತ ಹೋದ. ಒಂದರ ನಂತರ ಒಂದು, ಸಾಲಿನ ನಂತರ ಸಾಲು. ಎಲ್ಲದರಲ್ಲೂ ಇರಲಿಲ್ಲ, ಆದರೆ ಹೆಚ್ಚಿನದರಲ್ಲಿ ಇತ್ತು. ಬದುವಿನ ಮೇಲೆ ಕುಸಿದು ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೊನ್ನಮ್ಮ ಪಕ್ಕದಲ್ಲಿ ಬಂದು ನಿಂತಳು.

“ಭತ್ತಕ್ಕೆ ತನ್ನ ಕೆಲ್ಸ ಗೊತ್ತುಟ್ಟು,” ಎಂದಳು. “ಇನ್ನು ನೀನೂ ಕಲ್ತುಕೊ.”

ಅವಳ ದನಿಯಲ್ಲಿ ನಗುವಿತ್ತು. ದೇರಪ್ಪನಿಗೆ ಅಳು ನಗು ಎರಡೂ ಒಟ್ಟಿಗೆ ಬಂತು.

ಮುಂದಿನ ಭಾನುವಾರ ನಾಗೇಶ್ವರ ಮೇಷ್ಟ್ರು ಮನೋರಮಾ ಅವರನ್ನೂ ಕರೆದುಕೊಂಡು ಬಸ್ಸಿಳಿದರು. ಆ ದಿನ ಕುಟ್ಟಪ್ಪ ಅವರಿಗಾಗಿ ಬಸ್ಸನ್ನು ನಿಲ್ದಾಣವಲ್ಲದ ಕಡೆ, ಗದ್ದೆಯ ದಾರಿಯ ಬಾಯಲ್ಲೇ ನಿಲ್ಲಿಸಿದ. “ಇಲ್ಲಿ ಸ್ಟಾಪಿಲ್ಲ ಅಂತ ಯಾರಾದ್ರೂ ಹೇಳಿದ್ರೆ, ಭತ್ತ ನೋಡೋಕೆ ಸ್ಪೆಷಲ್ ಬಸ್ ಅಂತ ಹೇಳಿ!” ಎಂದು ಕಂಡಕ್ಟರನಿಗೆ ಕೂಗಿದ. ಅವನ ತಮಾಷೆ ಮರಳಿ ಬಂದಿತ್ತು.

ಮೇಷ್ಟ್ರು ಪ್ಯಾಂಟು ಮಡಚಿ ಗದ್ದೆಗಿಳಿದರು. ಬದುವಿನ ಸಾಲಿನಲ್ಲಿ, ನಡುವಿನಲ್ಲಿ ಪೈರು ಎಣಿಸಿ ಪುಸ್ತಕದಲ್ಲಿ ಬರೆದುಕೊಂಡರು. ಅವರು ತಮ್ಮ ಮನೆಯ ಹಿತ್ತಲಿನಲ್ಲಿ ಹನ್ನೆರಡು ಕುಂಡದಲ್ಲಿ ಭತ್ತ ನೆಟ್ಟಿದ್ದರು. ಆರಕ್ಕೆ ಮೊದಲು ತೆಳ್ಳಗಿನ ಔಷಧಿ, ಆರಕ್ಕೆ ಬರೀ ನೀರು, ಒಂದು ವಾರದ ಮೇಲೆ ಹನ್ನೆರಡಕ್ಕೂ ಗಟ್ಟಿ ಔಷಧಿ ಹೊಡೆಯುವ ಏರ್ಪಾಡು. ತಿಂಗಳು ಕಳೆದ ಮೇಲೆ ದೇರಪ್ಪ ಮಡಿಕೇರಿಗೆ ಹೋದಾಗ ಫಲಿತಾಂಶ ಬಂದಿತ್ತು. ಮೊದಲೇ ಸುದ್ದಿ ಮುಟ್ಟಿದ್ದ ಆರರಲ್ಲಿ ಐದು ಬೇಗ ಚೇತರಿಸಿಕೊಂಡಿದ್ದವು. ಉಳಿದ ಆರರಲ್ಲಿ ಎರಡು ಮಾತ್ರ.

“ಹನ್ನೆರಡು ಕುಂಡ ಇಟ್ಟುಕೊಂಡು ಲೋಕಕ್ಕೆ ಏನನ್ನೂ ಹೇಳಲಾಗದು,” ಎಂದರು ಮೇಷ್ಟ್ರು. “ಒಳಗೆ ಯಾವ ಜೀನು ಎದ್ದಿತು ಅಂತ ನೋಡೋ ಕಣ್ಣು ನನ್ನ ಹತ್ತಿರ ಇಲ್ಲ. ಒಂದು ದಿನ ಯಾರೋ ನೋಡುತ್ತಾರೆ. ನನಗೆ ಇಷ್ಟು ಸಾಕು ಕಣಯ್ಯಾ, ನಾನು ನಿನಗೆ ಹೇಳಿದ ಮಾತು ಸುಳ್ಳಾಗಲಿಲ್ಲ. ಆ ಹತ್ತು ದಿನ ನಾನೂ ಸರಿಯಾಗಿ ಊಟ ಮಾಡಿಲ್ಲ, ಇವಳನ್ನು ಕೇಳು.”

“ಸಾರಿಗೆ ಉಪ್ಪಿಲ್ಲದಿದ್ದರೂ ಗೊತ್ತಾಗ್ತಿರಲಿಲ್ಲ,” ಎಂದರು ಮನೋರಮಾ.

ಕೊಯಿಲಿನ ಹೊತ್ತಿಗೆ ಮಳೆ ಪೂರ್ತಿ ಬಿಟ್ಟು ಬಿಸಿಲು ಬಂದಿತ್ತು. ಹೊನ್ನಮ್ಮನ ಗದ್ದೆಯ ಭತ್ತ ಹೋದ ವರ್ಷದಷ್ಟು ಬರಲಿಲ್ಲ. ನಾಲ್ಕರಲ್ಲಿ ಒಂದು ಪಾಲು ಕಡಿಮೆಯೇ ಬಂತು, ತೆನೆಯೂ ಅಲ್ಲಲ್ಲಿ ಗಿಡ್ಡ. ಕೆಳಗಿನ ಗದ್ದೆಯಲ್ಲಿ ಬೊಳ್ಳಪ್ಪನ ಸಸಿ ಒಂದಷ್ಟು ಕೊಟ್ಟಿತು. ಆದರೆ ಕೆಂಪು ಭತ್ತ ವರ್ಷದ ಊಟಕ್ಕೆ ಸಾಲುವಷ್ಟು ಬಂತು, ಬೀಜಕ್ಕೆ ಎತ್ತಿಟ್ಟು ಇನ್ನೂ ಮಿಕ್ಕಿತು. ಹೊನ್ನಮ್ಮ ಈ ಸಲ ಬೀಜವನ್ನು ಒಂದೇ ಕಡೆ ಇಡಲಿಲ್ಲ. ಒಂದು ಪಾಲು ಬೊಳ್ಳಪ್ಪನ ಮನೆಗೆ, ಇನ್ನೊಂದು ಪಾಲು ಕರಿಕೆಯಲ್ಲಿದ್ದ ದೇರಪ್ಪನ ತಾಯಿ ಗಂಗಮ್ಮನಿಗೆ ಎಂದು ಅಳೆದಿಟ್ಟಳು. “ಇನ್ನು ಯಾರ ಪಂಪು ಬಂದ್ರೂ ಬೀಜ ಹೋಗೂದಿಲ್ಲೆ,” ಎಂದಳು.

ಭತ್ತ ಬಡಿದ ದಿನ ದೇರಪ್ಪನೂ ಬಂದಿದ್ದ. ಬೆಳಗಿನಿಂದ ಕಟ್ಟು ಹೊತ್ತು, ಕಣದಲ್ಲಿ ಬಡಿದು, ಮೈಯೆಲ್ಲ ಹೊಟ್ಟಿನ ತುರಿಕೆ. ಮಧ್ಯಾಹ್ನ ಕೆಂಪು ಅಕ್ಕಿಯ ಅನ್ನ, ಕೋಳಿ ಸಾರು. ಮೂರು ಸಲ ಬಡಿಸಿಕೊಂಡ. ಬೊಳ್ಳಪ್ಪ ಅವನ ಎಲೆ ನೋಡಿ, “ನಾಲ್ಕೂವರೆ ಪಟ್ಟು ತಿಂತ ಉಟ್ಟು ಹುಡುಗ,” ಎಂದಾಗ ಎಲ್ಲರೂ ನಕ್ಕರು. ದೇರಪ್ಪನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು.

ಊಟವಾದ ಮೇಲೆ ಐದು ನಿಮಿಷವೆಂದು ಕಣದ ಅಂಚಿನ ಹುಲ್ಲಿನ ರಾಶಿಗೆ ಒರಗಿದ. ಹುಲ್ಲು ಬೆಚ್ಚಗಿತ್ತು, ಮೆದುವಾಗಿತ್ತು. ಬೇರೆಯವರು ಎದ್ದು ಕೆಲಸಕ್ಕೆ ಹೋಗುವಾಗ ಅವನಿಗೆ ಗಾಢ ನಿದ್ದೆ. ಬೊಳ್ಳಪ್ಪ ಎಬ್ಬಿಸಲು ಹೋದ.

“ಬಿಡಿ ಬಾವ, ಮಲಗ್ಲಿ,” ಎಂದಳು ಹೊನ್ನಮ್ಮ.

ಅವನ ಮುಖಕ್ಕೆ ಬಿಸಿಲು ತಾಗದಂತೆ ಮೊರದಂಥ ಒಂದು ಗೆರಸೆಯನ್ನು ಹುಲ್ಲಿಗೆ ಒರಗಿಸಿ ನೆರಳು ಮಾಡಿ, ಭತ್ತ ತೂರಲು ಗಾಳಿಯ ಕಡೆ ತಿರುಗಿದಳು.